ಬಾಗಿಲು ಮರಳಿ ತೆರೆದಾಗ: ಸಮುದಾಯದ ಕಲಾ ವಸ್ತುಸಂಗ್ರಹಾಲಯ ಮತ್ತು ಕಲ್ಯಾಣ ಪರಿಸರದ ಶಿಲ್ಪಗಳು

1. ಪೀಠಿಕೆ

ಹುಮನಾಬಾದ್ ತಾಲೂಕಿನ ಜಲಸಂಗ್ವಿ ಗ್ರಾಮದ ಚಾಲುಕ್ಯಕಾಲೀನ ಶಿವಾಲಯದ ಹೊರಭಿತ್ತಿಯಲ್ಲಿ ಬರೆಯುತ್ತಿರುವ ಒಬ್ಬ ಸ್ತ್ರೀಯ ಶಿಲ್ಪವಿದೆ. ಅದೇ ಭಿತ್ತಿಯ ಇತರ ಶಿಲಾಬಾಲಿಕೆಯರು ಶೃಂಗಾರ, ನೃತ್ಯಗಳಲ್ಲಿ ತೊಡಗಿದ್ದರೆ ಈಕೆ ಅಕ್ಷರದಲ್ಲಿ ತೊಡಗಿದ್ದಾಳೆ. ಅವಳ ಕೈಯಡಿಯಲ್ಲಿ ಮೂಡಿರುವುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಪ್ರಶಂಸೆ. ವಿದ್ವಾಂಸರು ಅವಳನ್ನು ‘ಶಾಸನಸುಂದರಿ’ ಎಂದು ಕರೆದಿದ್ದಾರೆ. ಶಿಲ್ಪವೂ ಶಾಸನವೂ ಒಂದೇ ಕಲ್ಲಿನಲ್ಲಿ ಕೂಡಿರುವ ಇಂತಹ ನಿದರ್ಶನಗಳು ವಿರಳ.

ಈ ಶಿಲ್ಪ ಇಂದಿಗೂ ತನ್ನ ಊರಿನಲ್ಲಿ, ತನ್ನ ಗೋಡೆಯ ಮೇಲೆಯೇ ಇದೆ. ಆದರೆ ಇಲ್ಲಿಗೆ ಅನತಿದೂರದಲ್ಲಿರುವ ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿರುವ ಜೈನ ಹಾಗೂ ವೈದಿಕ ಶಿಲ್ಪಗಳ ಸ್ಥಿತಿ ಬೇರೆ. ಅವು ತಮ್ಮ ಮೂಲ ನೆಲೆಗಳಿಂದ ಬೇರ್ಪಟ್ಟು ಒಂದು ಸೂರಿನಡಿ ಸೇರಿವೆ. ಎರಡೂ ಒಂದೇ ಪರಂಪರೆಯ ಕೃತಿಗಳು. ಒಂದಕ್ಕೆ ಊರಿದೆ, ಮತ್ತೊಂದಕ್ಕೆ ಊರಿನ ನೆನಪನ್ನು ಫಲಕದ ಬರಹವೇ ಕೊಡಬೇಕು.

ಹಾಗಾದರೆ ವಸ್ತುವಿಗೂ ಅದನ್ನು ಸೃಷ್ಟಿಸಿದ ಜನಪರಿಸರಕ್ಕೂ ಇರುವ ನಂಟು ವಸ್ತುಸಂಗ್ರಹಾಲಯದಲ್ಲಿ ಉಳಿಯುವುದು ಹೇಗೆ? ಕಡಿದುಹೋದ ನಂಟನ್ನು ಮರಳಿ ಕಟ್ಟುವುದು ಸಾಧ್ಯವೇ? ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ. ಇದಕ್ಕೆ ತೌಲನಿಕ ನಿದರ್ಶನವಾಗಿ ಅಮೆರಿಕದ ನ್ಯೂಯಾರ್ಕ್ ನಗರದ ‘ಎಲ್ ಮ್ಯೂಸಿಯೊ ದೆಲ್ ಬಾರಿಯೊ’ ಎಂಬ ಲ್ಯಾಟಿನೊ ಕಲಾ ವಸ್ತುಸಂಗ್ರಹಾಲಯವನ್ನು ತೆಗೆದುಕೊಳ್ಳಲಾಗಿದೆ. ನವೀಕರಣಕ್ಕಾಗಿ ಬಾಗಿಲು ಮುಚ್ಚಿ, ಹೊಸ ಪ್ರದರ್ಶನದೊಂದಿಗೆ ಮರಳಿ ತೆರೆದ ಅನುಭವ ಅದಕ್ಕಿದೆ. ಹಾಗೆ ತೆರೆದಾಗ ಎದುರಾದ ಪ್ರಶ್ನೆಗಳು ಕಲ್ಯಾಣ ಪರಿಸರದ ಪ್ರಶ್ನೆಗಳಿಗೆ ಸಮೀಪದವಾಗಿವೆ.

2. ಶಾಲೆಯ ಕೋಣೆಯಲ್ಲಿ ಹುಟ್ಟಿದ ಸಂಗ್ರಹಾಲಯ

ಸ್ಪ್ಯಾನಿಷ್ ಮುಂತಾದ ಭಾಷೆಗಳನ್ನಾಡುವ ಮಧ್ಯ ಮತ್ತು ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳ ಮೂಲದವರಾಗಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಜನರನ್ನು ‘ಲ್ಯಾಟಿನೊ’ ಎಂದು ಕರೆಯುವುದು ರೂಢಿ. ಇವರಲ್ಲಿ ಪೋರ್ಟೊರಿಕೊ ದ್ವೀಪದಿಂದ ಬಂದವರು ನ್ಯೂಯಾರ್ಕಿನ ಈಸ್ಟ್ ಹಾರ್ಲೆಂ ಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಯೂರಿದರು. ಆ ಬಡಾವಣೆಗೆ ಅವರಿಟ್ಟ ಹೆಸರು ‘ಎಲ್ ಬಾರಿಯೊ’. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ‘ಕೇರಿ’ ಎಂದು. ಆದ್ದರಿಂದ ‘ಎಲ್ ಮ್ಯೂಸಿಯೊ ದೆಲ್ ಬಾರಿಯೊ’ ಎಂಬುದನ್ನು ‘ಕೇರಿಯ ವಸ್ತುಸಂಗ್ರಹಾಲಯ’ ಎಂದು ಕನ್ನಡಿಸಬಹುದು.

ಈ ಸಂಸ್ಥೆ ಹುಟ್ಟಿದ್ದು 1969ರಲ್ಲಿ. ತಮ್ಮ ಮಕ್ಕಳು ಓದುವ ಶಾಲೆಗಳ ಪಠ್ಯದಲ್ಲಿ ತಮ್ಮ ಚರಿತ್ರೆ, ಕಲೆ, ಭಾಷೆಗಳಿಗೆ ಸ್ಥಾನವಿಲ್ಲವೆಂದು ಆ ಭಾಗದ ಪೋಷಕರು, ಶಿಕ್ಷಕರು ಮತ್ತು ಹೋರಾಟಗಾರರು ಪ್ರಶ್ನಿಸಿದರು. ಅದರ ಪರಿಣಾಮವಾಗಿ ಕಲಾವಿದರೂ ಶಿಕ್ಷಕರೂ ಆಗಿದ್ದ ರಾಫೆಲ್ ಮೊಂಟಾನ್ಯೆಸ್ ಆರ್ಟಿಸ್ ಅವರಿಗೆ ಶಾಲಾಮಕ್ಕಳಿಗಾಗಿ ಕಲಿಕಾ ಸಾಮಗ್ರಿ ಸಿದ್ಧಪಡಿಸುವ ಹೊಣೆ ಬಂದಿತು. ಅವರು ಅದನ್ನು ವಸ್ತುಸಂಗ್ರಹಾಲಯದ ಕಲ್ಪನೆಯಾಗಿ ವಿಸ್ತರಿಸಿದರು. ಮೊದಲು ಶಾಲೆಯ ಕೋಣೆ, ಬಳಿಕ ಬೀದಿಬದಿಯ ಅಂಗಡಿ ಮಳಿಗೆಗಳು, 1977ರಿಂದ ಫಿಫ್ತ್ ಅವೆನ್ಯೂ ರಸ್ತೆಯ ಹಳೆಯ ಕಟ್ಟಡ, ಇದು ಅದರ ನೆಲೆಗಳ ಕ್ರಮ. ಮಕ್ಕಳ ಕಲ್ಯಾಣ ಸಂಸ್ಥೆಗಾಗಿ ಕಟ್ಟಿದ್ದ ಈ ಕಟ್ಟಡ ಈಗಲೂ ಅದರ ನೆಲೆಯಾಗಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಸಾಮಾನ್ಯವಾಗಿ ವಸ್ತುಸಂಗ್ರಹಾಲಯಗಳು ಅರಸರ, ವಸಾಹತು ಆಡಳಿತದ ಅಥವಾ ಶ್ರೀಮಂತರ ಸಂಗ್ರಹಗಳಿಂದ ಆರಂಭವಾದವು. ಮೊದಲು ವಸ್ತು ಬಂದಿತು, ನಂತರ ನೋಡುಗ ಬಂದ. ಎಲ್ ಮ್ಯೂಸಿಯೊದಲ್ಲಿ ಕ್ರಮ ತಿರುಗುಮುರುಗಾಗಿದೆ. ಮೊದಲು ತನ್ನನ್ನು ನೋಡಿಕೊಳ್ಳಬಯಸಿದ ಸಮುದಾಯವಿತ್ತು, ಆ ಬಯಕೆಗೆ ತಕ್ಕಂತೆ ವಸ್ತುಗಳನ್ನು ಸೇರಿಸಲಾಯಿತು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತಾಯಿನೊ ಜನರ ವಸ್ತುಗಳು, ಮನೆಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ಮರದ ಸಂತಮೂರ್ತಿಗಳು, ಮುದ್ರಣಚಿತ್ರಗಳು, ಛಾಯಾಚಿತ್ರಗಳು, ಆಧುನಿಕ ವರ್ಣಚಿತ್ರಗಳು ಒಂದೇ ಸಂಗ್ರಹದಲ್ಲಿ ಸೇರಿದವು. ನಮ್ಮ ಜಗಲಿಯ ದೇವರುಗಳಿಗೆ ಸಂವಾದಿಯಾದ ಆ ಸಂತಮೂರ್ತಿಗಳು ‘ಕಲೆ’ಯ ಪಟ್ಟಿಗೆ ಸೇರಿದ್ದು ಮಾರ್ಗ-ದೇಸಿಗಳ ಗೆರೆಯನ್ನು ಮರುಚಿಂತಿಸುವ ಕ್ರಮವೂ ಆಗಿದೆ.

3. ಮರುತೆರೆಯುವಿಕೆ: ಪ್ರದರ್ಶನವೆಂಬ ವಾದ

ನವೀಕರಣಗೊಂಡ ಎಲ್ ಮ್ಯೂಸಿಯೊ 2009ರ ಅಕ್ಟೋಬರಿನಲ್ಲಿ ಮರಳಿ ತೆರೆಯಿತು. ಅಂಗಳವನ್ನು ಹೊಸದಾಗಿ ರೂಪಿಸಿ, ಮುಂಭಾಗಕ್ಕೆ ಗಾಜನ್ನು ಅಳವಡಿಸಲಾಗಿತ್ತು. ಆದರೆ ಹೆಚ್ಚು ಮುಖ್ಯವಾದುದು ಆ ಸಂದರ್ಭದಲ್ಲಿ ಏರ್ಪಡಿಸಿದ ಎರಡು ಪ್ರದರ್ಶನಗಳು.

ಮೊದಲನೆಯದು ‘ನೆಕ್ಸಸ್ ನ್ಯೂಯಾರ್ಕ್’. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನ್ಯೂಯಾರ್ಕಿಗೆ ಬಂದು ಕೆಲಸ ಮಾಡಿದ ಲ್ಯಾಟಿನ್ ಅಮೆರಿಕದ ಕಲಾವಿದರು ಹಾಗೂ ಅವರೊಡನೆ ಒಡನಾಡಿದ ಅಮೆರಿಕದ ಕಲಾವಿದರ ಕೃತಿಗಳನ್ನು ಅಲ್ಲಿ ಒಟ್ಟಿಗೆ ಇಡಲಾಗಿತ್ತು. ಮೆಕ್ಸಿಕೊದ ಡಿಯಾಗೊ ರಿವೆರಾ, ಉರುಗ್ವೆಯ ಹೊಆಕಿನ್ ತೋರ್ರೆಸ್-ಗಾರ್ಸಿಯಾ ಮೊದಲಾದವರು ಇದರಲ್ಲಿ ಸೇರಿದ್ದರು. ಲ್ಯಾಟಿನ್ ಅಮೆರಿಕದ ಕಲಾವಿದರು ಆಧುನಿಕತೆಯನ್ನು ಎರವಲು ಪಡೆದವರಲ್ಲ, ಅದನ್ನು ಕಟ್ಟಿದವರಲ್ಲಿ ಅವರೂ ಇದ್ದಾರೆ ಎಂಬುದು ಆ ಜೋಡಣೆ ಹೇಳಿದ ಮಾತು. ಎರಡನೆಯದು ‘ವೋಸೆಸ್ ಇ ವಿಸಿಯೋನೆಸ್’, ಅಂದರೆ ‘ದನಿಗಳು ಮತ್ತು ದರ್ಶನಗಳು’. ಸಂಸ್ಥೆಯ ನಾಲ್ಕು ದಶಕಗಳ ಸ್ವಂತ ಸಂಗ್ರಹವನ್ನು ಇದು ಮರುಜೋಡಿಸಿತು. ಒಂದು ಹೊರಲೋಕದೊಡನೆ ಇರುವ ಸಂಬಂಧವನ್ನು ಹೇಳಿದರೆ, ಇನ್ನೊಂದು ತನ್ನ ಚರಿತ್ರೆಯನ್ನು ಹೇಳಿತು. ವಸ್ತುಗಳಲ್ಲಿ ಬಹುಪಾಲು ಹಿಂದೆಯೂ ಇದ್ದವು. ಬದಲಾದುದು ಯಾವುದನ್ನು ಯಾವುದರ ಪಕ್ಕದಲ್ಲಿಡಬೇಕು ಎಂಬ ನಿರ್ಧಾರ. ಪ್ರದರ್ಶನವೆಂದರೆ ಒಂದು ವಾದಮಂಡನೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮತ್ತೊಂದು ಸುತ್ತಿನ ನವೀಕರಣದ ಬಳಿಕ 2018ರ ಸೆಪ್ಟೆಂಬರಿನಲ್ಲಿ ಅದರ ಪ್ರದರ್ಶನಾಂಗಣಗಳು ಪುನಃ ತೆರೆದವು. ಆಗ ಅರ್ಜೆಂಟೀನಾ ಮೂಲದ ಲಿಲಿಯಾನಾ ಪೋರ್ಟರ್ ಅವರ ಕೃತಿಗಳ ಪ್ರದರ್ಶನವೂ, ಬಾರಿಯೊದ ಸ್ಮೃತಿಯನ್ನು ಆಧರಿಸಿದ ಛಾಯಾಚಿತ್ರ ಪ್ರದರ್ಶನವೂ ಜೊತೆಯಲ್ಲಿದ್ದವು.

ಈ ಬೆಳವಣಿಗೆ ನಿರ್ವಿವಾದವಾಗಿ ನಡೆಯಲಿಲ್ಲ. ಪೋರ್ಟೊರಿಕೊ ಜನರ ಸಂಸ್ಥೆಯಾಗಿ ಹುಟ್ಟಿದ್ದು ಸಮಸ್ತ ಲ್ಯಾಟಿನೊ ಹಾಗೂ ಲ್ಯಾಟಿನ್ ಅಮೆರಿಕನ್ ಕಲೆಯ ಸಂಸ್ಥೆಯಾಗಿ ವಿಸ್ತರಿಸಿದಾಗ ಸ್ಥಳೀಯರು ಆತಂಕಗೊಂಡರು. 2002ರ ವೇಳೆಗೆ ಈ ವಿಚಾರ ಬಹಿರಂಗ ಪ್ರತಿಭಟನೆಯ ರೂಪ ತಾಳಿತು. ಸಂಸ್ಥೆಗೆ 50 ವರ್ಷ ತುಂಬಿದ 2019ರಲ್ಲಿಯೂ ಕಲಾವಿದರು, ವಿದ್ವಾಂಸರು, ಕೇರಿಯ ನಿವಾಸಿಗಳು ಅದು ತನ್ನ ಮೂಲದಿಂದ ದೂರ ಸರಿದಿದೆಯೆಂದು ಪ್ರಕಟಣೆ ಹೊರಡಿಸಿದರು. ಜಗತ್ತಿಗೆ ತೆರೆದುಕೊಳ್ಳುವ ಬಾಗಿಲು ಕೇರಿಗೆ ಮುಚ್ಚಿಕೊಳ್ಳುತ್ತಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಆದರೆ ಈ ಜಗಳವನ್ನು ಸಂಸ್ಥೆಯ ವೈಫಲ್ಯವೆಂದು ಮಾತ್ರ ಕಾಣಬೇಕಾಗಿಲ್ಲ. ತನ್ನದೆಂದು ಭಾವಿಸದ ಸಂಸ್ಥೆಯೊಡನೆ ಯಾವ ಸಮುದಾಯವೂ ಜಗಳವಾಡುವುದಿಲ್ಲ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ನಿರ್ವಹಣೆಯಲ್ಲಿ ಖಾಸಗಿ ಪ್ರತಿಷ್ಠಾನವೊಂದನ್ನು ತೊಡಗಿಸುವ ಒಪ್ಪಂದವನ್ನು 2016ರಲ್ಲಿ ಕಲಾವಿದರು ವಿರೋಧಿಸಿದ್ದೂ ಇಂತಹ ಮಮತ್ವದಿಂದಲೇ.

4. ಕಲ್ಯಾಣ ಪರಿಸರದ ಕಲೆ ಮತ್ತು ಅದರ ದಾಖಲೆಯ ಭಾಷೆ

ಇನ್ನು ನಮ್ಮ ಪರಿಸರಕ್ಕೆ ಬರಬಹುದು. ಹುಮನಾಬಾದ್-ಬಸವಕಲ್ಯಾಣಗಳ ನಡುವೆ, ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿರುವ ರಾಜೇಶ್ವರವನ್ನು ಕೇಂದ್ರವಾಗಿ ಇಟ್ಟುಕೊಂಡರೆ ಕಲ್ಯಾಣ ಚಾಲುಕ್ಯರ ಕಲೆಯ ಮುಖ್ಯ ನೆಲೆಗಳು ಅದರ ಸುತ್ತಲೂ ಹರಡಿಕೊಂಡಿವೆ. ಒಂದು ಕಡೆ ಜಲಸಂಗ್ವಿ, ಇನ್ನೊಂದು ಕಡೆ ಬಸವಕಲ್ಯಾಣದ ಕೋಟೆ ಮತ್ತು ಅದೇ ತಾಲೂಕಿನ ನಾರಾಯಣಪುರದ ಶಿವಾಲಯ, ಉಮಾಪುರದ ಮಹಾದೇವ ದೇವಾಲಯ. ಈ ಊರುಗಳನ್ನು ಜೋಡಿಸಿ ನೋಡಿದಾಗ ಇಡೀ ಪ್ರದೇಶವೇ ಗೋಡೆಯಿಲ್ಲದ ಒಂದು ಪ್ರದರ್ಶನಾಂಗಣವೆನಿಸುತ್ತದೆ.

ಒಂದನೆಯ ಸೋಮೇಶ್ವರನು (1042-1068) ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ಬದಲಾಯಿಸಿದನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಾಶ್ಮೀರದ ಕವಿ ಬಿಲ್ಹಣನೂ, ‘ಮಿತಾಕ್ಷರಾ’ದ ಕರ್ತೃ ವಿಜ್ಞಾನೇಶ್ವರನೂ ಇಲ್ಲಿದ್ದರು. ಅವನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಹರಡಿರುವ ಈ ಗ್ರಂಥದ ಮೂರನೆಯ ವಿಂಶತಿಯಲ್ಲಿ ಚಿತ್ರಕಲೆಯ ವಿಸ್ತೃತ ನಿರೂಪಣೆಯಿದೆ. ಸುಣ್ಣದ ಗೋಡೆಯನ್ನು ನುಣುಪುಗೊಳಿಸುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವ ವಿಧಾನ, ಕುಂಚಗಳು, ವರ್ಣಗಳ ಮಿಶ್ರಣ ಇವೆಲ್ಲ ಅಲ್ಲಿವೆ. ಕನ್ನಡಿಯ ಬಿಂಬದಂತೆ ಸಾದೃಶ್ಯವಿರುವ ವಿದ್ಧ, ಕಲ್ಪನೆಯಿಂದ ರೇಖಿಸಿದ ಅವಿದ್ಧ, ಭಾವಚಿತ್ರ, ರಸಚಿತ್ರ, ಪುಡಿಬಣ್ಣಗಳ ಧೂಳಿಚಿತ್ರ ಎಂಬ ಪ್ರಭೇದಗಳನ್ನೂ ಗ್ರಂಥವು ಹೇಳುತ್ತದೆ. ಹಬ್ಬಹರಿದಿನಗಳಲ್ಲಿ ಅಂಗಳದಲ್ಲಿ ಬಿಡಿಸುವ ರಂಗವಲ್ಲಿ ಧೂಳಿಚಿತ್ರದ ಜೀವಂತ ರೂಪವೆಂಬುದನ್ನು ನೆನೆದರೆ, ಅರಮನೆಯ ಶಾಸ್ತ್ರ ಮತ್ತು ಮನೆಯಂಗಳದ ಕಲೆ ಪರಸ್ಪರ ದೂರವಿರಲಿಲ್ಲವೆಂದು ತಿಳಿಯುತ್ತದೆ.

ಹನ್ನೆರಡನೆಯ ಶತಮಾನದ ನಂತರದ ಚರಿತ್ರೆಯಲ್ಲಿ ಕಲ್ಯಾಣವು ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ್ ಮತ್ತು ನಿಜಾಮ್ ಆಳ್ವಿಕೆಗಳನ್ನು ಕಂಡಿತು. ಕೋಟೆಯ ಈಗಿನ ರೂಪದಲ್ಲಿ ಈ ಎಲ್ಲ ಪದರಗಳೂ ಇವೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನ ನೆರವಿನಿಂದ ಕಪ್ಪು ಬಣ್ಣ ಬರಿಸುವ ಬಿದರಿ ಕಲೆಯೂ ಈ ಜಿಲ್ಲೆಯದೇ. ಬಿದರಿಯ ಹಳೆಯ ಮಾದರಿಗಳನ್ನು ಕಾಣಬಯಸುವವರು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗಳವರೆಗೂ ಹೋಗಬೇಕಾಗುತ್ತದೆ. ಕಲೆ ಇಲ್ಲಿ ಹುಟ್ಟಿದರೂ ಅದರ ಕೀರ್ತಿ ದೂರದ ನಗರಗಳಲ್ಲಿ ನೆಲೆಸಿದೆ.

ಈ ಪರಂಪರೆಯನ್ನು ದಾಖಲಿಸಿದ ಭಾಷೆ ಯಾವುದು ಎಂಬುದೂ ಪರಿಶೀಲನಾರ್ಹ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1914ರಲ್ಲಿ ಆರಂಭವಾಯಿತು. ಅದರ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಕುರಿತು ಬರೆದ ಮಹತ್ವದ ಗ್ರಂಥ 1947ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟ 1958ರಲ್ಲಿ ಹೊರಬಂದಿತು. ಅದೂ ಇಂಗ್ಲಿಷಿನಲ್ಲಿಯೇ ಇದೆ. ಅಷ್ಟರಲ್ಲಿ ಆ ಸಂಸ್ಥಾನವೇ ಇಲ್ಲವಾಗಿ, 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿತ್ತು. ಸಂಸ್ಥಾನದ ಆಡಳಿತ ಭಾಷೆ ಉರ್ದು, ವಿದ್ವತ್ತಿನ ಭಾಷೆ ಇಂಗ್ಲಿಷ್, ಶಿಲ್ಪವಿದ್ದ ಊರಿನ ಭಾಷೆ ಕನ್ನಡ ಮತ್ತು ಮರಾಠಿ. ತಮ್ಮ ಗುಡಿಯ ಗೋಡೆಯ ಬಗ್ಗೆ ಬರೆದುದನ್ನು ಆ ಊರಿನವರೇ ಓದಲಾರದ ಸ್ಥಿತಿ ಹೀಗೆ ದೀರ್ಘಕಾಲ ಮುಂದುವರಿಯಿತು. ಈಸ್ಟ್ ಹಾರ್ಲೆಂನ ಪೋಷಕರ ದೂರಿಗೂ ಈ ಸ್ಥಿತಿಗೂ ಹತ್ತಿರದ ಸಾಮ್ಯವಿದೆ.

5. ಸ್ಥಾವರ ಮತ್ತು ಜಂಗಮ

ಮೂಲನೆಲೆಯಿಂದ ವಸ್ತುವನ್ನು ಒಯ್ಯುವುದು ಕೆಲವೊಮ್ಮೆ ಅನಿವಾರ್ಯ. ಕಳವು, ಮಳೆಗಾಳಿ, ಕಟ್ಟಡ ಕಾಮಗಾರಿ ಇವುಗಳಿಂದ ಶಿಲ್ಪವನ್ನು ಉಳಿಸಲು ಬೇರೆ ದಾರಿ ಇರುವುದಿಲ್ಲ. ಹಲ್ಮಿಡಿ ಶಾಸನದ ಮೂಲ ಶಿಲೆ ಮೈಸೂರಿನ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಊರಿನಲ್ಲಿ ಅದರ ಪ್ರತಿಕೃತಿಯನ್ನು ಸ್ಥಾಪಿಸಲಾಗಿದೆ. ಬೇಗೂರಿನ ಪ್ರಸಿದ್ಧ ವೀರಗಲ್ಲು ಮತ್ತು ಆತಕೂರಿನ ಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಶಿಲೆಯನ್ನು ಒಯ್ದರೂ ಊರಿನ ಹೆಸರು ಅದರೊಡನೆ ಉಳಿದಿರುವುದು ಈ ಮೂರರ ವೈಶಿಷ್ಟ್ಯ. ಅವುಗಳಲ್ಲಿ ಬರಹವಿತ್ತು, ಬರಹವನ್ನು ಓದಿದವರು ಊರನ್ನು ಮರೆಯಲಿಲ್ಲ. ಬರಹವಿಲ್ಲದ ಶಿಲ್ಪಕ್ಕೆ ಈ ಭಾಗ್ಯವಿಲ್ಲ. ‘ಶಿಲಾಬಾಲಿಕೆ, ಹನ್ನೆರಡನೆಯ ಶತಮಾನ’ ಎಂಬಷ್ಟೇ ಬರೆದ ಫಲಕವು ಕಾಲವನ್ನು ಹೇಳುತ್ತದೆ, ಕುಲವನ್ನು ಹೇಳುತ್ತದೆ, ಊರನ್ನು ಹೇಳುವುದಿಲ್ಲ. ಜಲಸಂಗ್ವಿಯ ಶಾಸನಸುಂದರಿಯ ಮಹತ್ವ ಈಗ ಇನ್ನಷ್ಟು ಸ್ಪಷ್ಟವಾಗುತ್ತದೆ. ತನ್ನ ಪರಿಚಯ ಫಲಕವನ್ನು ಅವಳು ತಾನೇ ಬರೆದುಕೊಂಡಿದ್ದಾಳೆ.

ಕಲ್ಯಾಣದಲ್ಲಿಯೇ ರೂಪುಗೊಂಡ ವಚನ ಚಳವಳಿಯು ಸ್ಥಾವರ-ಜಂಗಮ ಎಂಬ ಪರಿಕಲ್ಪನೆಗಳ ಮೂಲಕ ಈ ಚರ್ಚೆಗೆ ಬೇಕಾದ ಪರಿಭಾಷೆಯನ್ನು ಒದಗಿಸಿದೆ. ನಿಂತುದಕ್ಕಿಂತ ಚಲಿಸುವುದನ್ನು, ಕಟ್ಟಡಕ್ಕಿಂತ ನಡೆನುಡಿಯನ್ನು ಶರಣರು ಹಿರಿದೆಂದು ಭಾವಿಸಿದರು. ವಸ್ತುಸಂಗ್ರಹಾಲಯದ ಕಟ್ಟಡ ಮತ್ತು ಶಾಶ್ವತ ಸಂಗ್ರಹ ಸ್ಥಾವರವಾದರೆ, ಕಾಲಕಾಲಕ್ಕೆ ಬದಲಾಗುವ ಪ್ರದರ್ಶನ, ಅದನ್ನು ಕುರಿತ ಮಾತು, ಅಲ್ಲಿಗೆ ಬಂದು ಹೋಗುವ ಜನ ಜಂಗಮವೆನ್ನಬಹುದು. ಎಲ್ ಮ್ಯೂಸಿಯೊ ಪ್ರತಿವರ್ಷ ಜನವರಿಯಲ್ಲಿ ಕ್ರೈಸ್ತರ ‘ಮೂವರು ಅರಸರ ದಿನ’ದಂದು ಈಸ್ಟ್ ಹಾರ್ಲೆಂ ಬೀದಿಗಳಲ್ಲಿ ಮೆರವಣಿಗೆ ನಡೆಸುವ ಪದ್ಧತಿಯನ್ನು ಬೆಳೆಸಿದೆ. ವಸ್ತುಸಂಗ್ರಹಾಲಯವೇ ಬೀದಿಗೆ ಇಳಿಯುವ ಈ ಕ್ರಮ ಜಂಗಮ ತತ್ತ್ವಕ್ಕೆ ಸಮೀಪದ್ದು.

ಹೀಗೆ ಹೇಳುವಾಗ ಒಂದು ಎಚ್ಚರವೂ ಅಗತ್ಯ. ಶರಣರ ನಿಲುವನ್ನು ಶಿಲ್ಪಗಳ ಅವಗಣನೆಗೆ ಸಮರ್ಥನೆಯಾಗಿ ಬಳಸಬಾರದು. ಶಿಲ್ಪವನ್ನು ಕಡೆದವರೂ ಕಾಯಕಜೀವಿಗಳೇ. ದೇವಾಲಯದ ಅಧಿಕಾರವನ್ನು ಪ್ರಶ್ನಿಸುವುದು ಬೇರೆ, ಕಲ್ಲುಕುಟಿಗನ ದುಡಿಮೆಯನ್ನು ಮರೆಯುವುದು ಬೇರೆ.

6. ಕಲ್ಯಾಣಕ್ಕೆ ಎಂತಹ ಪ್ರದರ್ಶನ?

2019ರಲ್ಲಿ ಈ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಅಧಿಕೃತವಾಯಿತು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಲಾಯಿತು. ಪ್ರದೇಶದ ಹೆಸರಿನಲ್ಲಿಯೇ ಕಲ್ಯಾಣವಿರುವಾಗ, ಕಲ್ಯಾಣದ ಕಲೆಯನ್ನು ಹೊಸದಾಗಿ ಜೋಡಿಸಿ ತೋರಿಸುವ ಕೆಲಸಕ್ಕೆ ಇದು ತಕ್ಕ ಸಮಯ. ಮೇಲಿನ ಚರ್ಚೆಯಿಂದ ನಾಲ್ಕು ಅಂಶಗಳನ್ನು ಸೂಚಿಸಬಹುದು.

ಮೊದಲನೆಯದಾಗಿ, ಪ್ರತಿಯೊಂದು ಶಿಲ್ಪದ ಪರಿಚಯದಲ್ಲಿ ಕಾಲ, ಶಿಲೆ, ಶೈಲಿಗಳಿಗಿಂತ ಮೊದಲು ಊರಿನ ಹೆಸರು ಇರಬೇಕು. ಊರು ತಿಳಿದಿಲ್ಲವಾದರೆ ತಿಳಿದಿಲ್ಲವೆಂದೇ ಬರೆಯುವುದು ಪ್ರಾಮಾಣಿಕವಾದ ಕ್ರಮ. ಅಂತಹ ಫಲಕವನ್ನು ಓದಿದ ಹಿರಿಯರೊಬ್ಬರು ಇದು ನಮ್ಮೂರ ಕೆರೆಯ ದಂಡೆಯಲ್ಲಿತ್ತು ಎಂದು ಹೇಳುವ ಸಾಧ್ಯತೆ ಉಳಿದಿರುತ್ತದೆ.

ಎರಡನೆಯದಾಗಿ, ಫಲಕದ ಭಾಷೆ. ಎಲ್ ಮ್ಯೂಸಿಯೊ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬಳಸುತ್ತದೆ. ಈ ಭಾಗದ ಮನೆಗಳಲ್ಲಿ ಕನ್ನಡ, ದಖನಿ, ಮರಾಠಿಗಳು ಒಂದೇ ದಿನದ ಮಾತಿನಲ್ಲಿ ಬೆರೆತು ಬರುತ್ತವೆ. ಕನ್ನಡವು ಮೊದಲಿರಲಿ, ಉರ್ದು ಮತ್ತು ಮರಾಠಿಗಳೂ ಜೊತೆಗಿರಲಿ. ಕೋಟೆಯ ಕಲ್ಲುಗಳು ಹಲವು ಕಾಲದ ಕಥೆಯನ್ನು ಹೇಳುತ್ತಿರುವಾಗ ಫಲಕ ಒಂದೇ ಕಾಲದ ವಾರಸುದಾರರಿಗೆ ಮೀಸಲಾಗಬಾರದು.

ಮೂರನೆಯದಾಗಿ, ಪಠ್ಯ ಮತ್ತು ಶಿಲ್ಪಗಳ ಸಹಯೋಜನೆ. ಮಾನಸೋಲ್ಲಾಸದ ಚಿತ್ರವಿಧಾನವನ್ನು ಸರಳ ಕನ್ನಡದಲ್ಲಿ ವಿವರಿಸಿ ಅದರ ಪಕ್ಕದಲ್ಲಿ ರಂಗವಲ್ಲಿಯನ್ನೂ, ಚಾಲುಕ್ಯ ಶಿಲ್ಪದ ಆಭರಣಗಳ ಪಕ್ಕದಲ್ಲಿ ಬಿದರಿಯ ಬಳ್ಳಿಗಳನ್ನೂ ಇಡಬಹುದು. ‘ನೆಕ್ಸಸ್ ನ್ಯೂಯಾರ್ಕ್’ ಪ್ರದರ್ಶನವು ಕಲಿಸುವ ಪಾಠ ಇದೇ: ಪಕ್ಕದಲ್ಲಿಟ್ಟಾಗ ಹುಟ್ಟುವ ಅರ್ಥ ಒಂಟಿಯಾಗಿಟ್ಟಾಗ ಹುಟ್ಟುವುದಿಲ್ಲ. ಈ ಕೆಲಸದಲ್ಲಿ ಪುರಾತತ್ವಜ್ಞರ ಜೊತೆಗೆ ಕನ್ನಡ ವಿಭಾಗಗಳ ಪಾತ್ರವೂ ದೊಡ್ಡದು. ಶಾಸನ, ವಚನ, ಶಾಸ್ತ್ರಗ್ರಂಥಗಳನ್ನು ತರಗತಿಯಲ್ಲಿ ಮಾತ್ರ ಓದಿಸುವ ನಾವು ಅವುಗಳನ್ನು ಗೋಡೆಯ ಮೇಲೆ ಓದಿಸಲು ಕಲಿಯಬೇಕಾಗಿದೆ.

ನಾಲ್ಕನೆಯದಾಗಿ, ಶಾಲೆ. ಎಲ್ ಮ್ಯೂಸಿಯೊ ಶಾಲೆಯಿಂದ ಹುಟ್ಟಿತು. ನಮ್ಮ ಸಂಗ್ರಹಾಲಯಗಳು ಶಾಲೆಯ ಕಡೆಗೆ ನಡೆಯಬೇಕು. ರಾಜೇಶ್ವರದ ಶಾಲೆಯ ವಿದ್ಯಾರ್ಥಿಯೊಬ್ಬಳು ಪ್ರವಾಸವೆಂದರೆ ಹಂಪಿ, ಬಾದಾಮಿಗಳೆಂದು ಮಾತ್ರ ತಿಳಿದು, ಪಕ್ಕದ ತಾಲೂಕಿನಲ್ಲಿ ತನ್ನಂತೆಯೇ ಬರೆಯುತ್ತ ನಿಂತಿರುವ ಒಬ್ಬಳಿದ್ದಾಳೆ ಎಂಬುದನ್ನು ಅರಿಯದೆ ಹೋದರೆ ಅದು ಅವಳ ನಷ್ಟ ಮಾತ್ರವಲ್ಲ.

7. ಉಪಸಂಹಾರ

ವಸ್ತುಸಂಗ್ರಹಾಲಯವೊಂದು ಮರಳಿ ತೆರೆಯುವುದೆಂದರೆ ಬಣ್ಣ ಬಳಿದ ಗೋಡೆ, ಹೊಸ ದೀಪ, ಗಾಜಿನ ಪೆಟ್ಟಿಗೆಗಳಲ್ಲ. ವಸ್ತು, ಊರು, ಭಾಷೆ ಮತ್ತು ನೋಡುಗರ ನಡುವಿನ ಸಂಬಂಧವನ್ನು ಮರುನಿರೂಪಿಸುವುದೇ ನಿಜವಾದ ಮರುತೆರೆಯುವಿಕೆ. ಆ ಸಂಬಂಧ ಒಮ್ಮೆ ನೆಲೆಗೊಂಡಿತೆಂದು ಸುಮ್ಮನಾಗುವಂತಿಲ್ಲವೆಂಬುದನ್ನು ಈಸ್ಟ್ ಹಾರ್ಲೆಂನ ಅನುಭವ ತಿಳಿಸುತ್ತದೆ. ಅದನ್ನು ಸಮುದಾಯವು ಮತ್ತೆ ಮತ್ತೆ ಕೇಳಿ ಪಡೆಯಬೇಕಾಗುತ್ತದೆ. ಅಲ್ಲಿ ಜನರು ಮೊದಲು ಕೇಳಿದರು, ಬಳಿಕ ಸಂಗ್ರಹ ಬೆಳೆಯಿತು. ಕಲ್ಯಾಣ ಪರಿಸರದಲ್ಲಿ ಸಂಗ್ರಹ ಒಂಬತ್ತು ಶತಮಾನಗಳಷ್ಟು ಹಳೆಯದು, ಕೇಳುವ ಕೆಲಸ ಮಾತ್ರ ಉಳಿದಿದೆ. ಜಲಸಂಗ್ವಿಯ ಗೋಡೆಯ ಮೇಲಿನ ಸ್ತ್ರೀ ತನ್ನ ಪಾಲಿನ ಸಾಲನ್ನು ಬರೆದಿದ್ದಾಳೆ. ಅದರ ಕೆಳಗೆ ಇಂದಿನ ಕನ್ನಡದಲ್ಲಿ ಬರೆಯಬೇಕಾದ ಸಾಲು ನಮ್ಮ ಹೊಣೆಯಾಗಿದೆ.